ಆಂಜಿಯೋಗ್ರಾಂ ನಾರ್ಮಲ್ ಆದ ಮೇಲೆ

(ಒಬ್ಬರು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಇನ್ನೊಬ್ಬರು ಅವರ ತಂಗಿಯ ಮಗ, ಬೆಂಗಳೂರಿನಲ್ಲಿ ಹೃದ್ರೋಗದ ಡಾಕ್ಟರು. ಹಬ್ಬಕ್ಕೆ ಊರಿಗೆ ಬಂದವನ ಕೈಗೆ ಊಟವಾದ ಕೂಡಲೇ ಫೈಲು ಬಂದಿದೆ.)

ದೊಡ್ಡಮ್ಮ: ಟ್ರೆಡ್‌ಮಿಲ್ ಮೇಲೆ ಓಡಿಸಿದ್ರು, ‘ಪಾಸಿಟಿವ್’ ಅಂದ್ರು. ಮನೆಯವರೆಲ್ಲ ಹೆದರಿ ಆಂಜಿಯೋಗ್ರಾಂ ಮಾಡಿಸಿದ್ರು, ‘ನಾರ್ಮಲ್’ ಅಂದ್ರು. ನೋವು ಮಾತ್ರ ಇದ್ದ ಹಾಗೇ ಇದೆ. ಮೊದಲು ಗ್ಯಾಸ್ ಮಾತ್ರೆ ಕೊಟ್ರು. ಅದಕ್ಕೆ ಬಗ್ಗಲಿಲ್ಲ ಅಂದಾಗ ‘ಟೆನ್ಷನ್ ಮಾಡ್ಕೋಬೇಡಿ ಮೇಡಂ’ ಅಂತ ನಿದ್ದೆ ಮಾತ್ರೆ. ಈಗ ನಾನು ಎದೆ ಹಿಡ್ಕೊಂಡ್ರೆ ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಹೇಳಪ್ಪ, ಸುಳ್ಳು ಹೇಳ್ತಿರೋದು ನಾನೋ, ಫೈಲೋ?

ಡಾಕ್ಟರು: ಇಬ್ಬರೂ ಅಲ್ಲ ದೊಡ್ಡಮ್ಮ. ಫೈಲನ್ನು ಆಮೇಲೆ ನೋಡೋಣ. ನೋವು ಯಾವಾಗ ಬರುತ್ತೆ?

ದೊಡ್ಡಮ್ಮ: ಮಹಡಿ ಹತ್ತಿದಾಗ. ಬಟ್ಟೆ ಒಣಹಾಕೋಕೆ ಬಕೆಟ್ ಎತ್ಕೊಂಡು ಹೋದ್ರೆ ಖಂಡಿತ. ಕೆಲವು ಸಲ ಯಾರ ಜೊತೆಗಾದ್ರೂ ಜಗಳ ಆದ್ರೂ ಬರುತ್ತೆ.

ಡಾಕ್ಟರು: ಕೂತ ತಕ್ಷಣ ಹೋಗುತ್ತಾ?

ದೊಡ್ಡಮ್ಮ: ಅದೇ ವಿಚಿತ್ರ. ಕೂತ ಮೇಲೂ ಬಹಳ ಹೊತ್ತು ಕೊರೀತಾನೇ ಇರುತ್ತೆ. ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಕೊಟ್ಟಿದ್ರಲ್ಲ, ಅದರಿಂದ ಒಂದು ದಿನ ಇಳಿಯುತ್ತೆ, ಇನ್ನೊಂದು ದಿನ ಏನೂ ಆಗಲ್ಲ. ಪಕ್ಕದ ಮನೆಯವರಿಗೆ ಸ್ಟೆಂಟ್ ಹಾಕೋ ಮುಂಚೆ ಅದೇ ಮಾತ್ರೆ ಎರಡು ನಿಮಿಷದಲ್ಲಿ ಕೆಲಸ ಮಾಡ್ತಿತ್ತಂತೆ.

ಡಾಕ್ಟರು: ಶ್ರಮಪಟ್ಟಾಗ ಬರೋದು, ನಿಂತ ಮೇಲೂ ಎಳೀತಾ ಹೋಗೋದು, ಆ ಮಾತ್ರೆಗೆ ಸರಿಯಾಗಿ ಬಗ್ಗದೇ ಇರೋದು. ನಿಮ್ಮ ವಯಸ್ಸು, ಹತ್ತು ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಬಿಪಿ, ಟ್ರೆಡ್‌ಮಿಲ್ಲಿನಲ್ಲಿ ಬದಲಾದ ಇಸಿಜಿ, ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನುಮಾನ ಬರೋದು ಹೃದಯದ ಸಣ್ಣ ರಕ್ತನಾಳಗಳ ಮೇಲೆ. ಆಂಜಿಯೋಗ್ರಾಂ ನೋಡೋದು ದೊಡ್ಡವನ್ನ ಮಾತ್ರ.

ದೊಡ್ಡಮ್ಮ: ಅಂದ್ರೆ? ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದ ಮೇಲೆ ಎಲ್ಲಾ ಕಾಣಬೇಕಲ್ವಾ?

ಡಾಕ್ಟರು: ಸುಮಾರು ಅರ್ಧ ಮಿಲಿಮೀಟರಿಗಿಂತ ಸಣ್ಣದು ಆ ಚಿತ್ರದಲ್ಲಿ ಬಿಡಿಯಾಗಿ ಕಾಣಲ್ಲ. ಹೃದಯದ ಮೇಲ್ಮೈಯಲ್ಲಿ ಹರಡಿರೋ ಮೂರು ಮುಖ್ಯ ನಾಳಗಳು, ಅವುಗಳ ಕವಲು, ಅಷ್ಟೇ. ಅಲ್ಲಿಂದ ಸ್ನಾಯುವಿನ ಒಳಗೆ ಇಳಿಯೋ ನಾಳಗಳು ಮಿಲಿಮೀಟರಿನ ಐದನೇ ಒಂದು, ಹತ್ತನೇ ಒಂದು ಭಾಗದವು. ಕೊನೆಗೆ ಬರೋ ಲೋಮನಾಳಗಳಲ್ಲಿ ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು, ಅಷ್ಟು ಕಿರಿದು. ಹೃದಯದ ರಕ್ತನಾಳಗಳ ಮರದಲ್ಲಿ ನಾವು ಚಿತ್ರ ತೆಗೆಯೋದು ಕಾಂಡ ಮತ್ತು ದಪ್ಪ ಕೊಂಬೆಗಳನ್ನ. ಬಣ್ಣ ಸ್ನಾಯುವಿನೊಳಗೆ ಇಳಿದಾಗ ಮಂಜಿನ ಹಾಗೆ ಒಂದು ಛಾಯೆ ಬಂದು ಹೋಗುತ್ತೆ, ಅದನ್ನ ಯಾರೂ ರಿಪೋರ್ಟಿನಲ್ಲಿ ಬರೆಯಲ್ಲ.

ದೊಡ್ಡಮ್ಮ: ಇಷ್ಟು ಗೊತ್ತಿದ್ದೂ ಆ ಪರೀಕ್ಷೆಯನ್ನೇ ಕೊನೇ ಮಾತು ಅಂತ ಯಾಕೆ ನಂಬ್ತೀರಿ?

ಡಾಕ್ಟರು: ಅದು ನಮಗೆ ಕೊಟ್ಟಿದ್ದು ಅಷ್ಟು ದೊಡ್ಡದು. 1958ರ ಅಕ್ಟೋಬರ್ 30ರ ತನಕ ಬದುಕಿರೋ ಮನುಷ್ಯನ ಹೃದಯದ ನಾಳಕ್ಕೇ ನೇರವಾಗಿ ಬಣ್ಣ ಬಿಡೋದು ಅಪಾಯ, ಆಗದ ಕೆಲಸ ಅಂತಲೇ ಎಲ್ಲರ ನಂಬಿಕೆ. ಅವತ್ತು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅನ್ನೋ ಡಾಕ್ಟರು ಕವಾಟದ ಕಾಯಿಲೆಯ ಯುವಕನೊಬ್ಬನ ಮಹಾಪಧಮನಿಗೆ ಬಣ್ಣ ಬಿಡೋಕೆ ಹೊರಟಿದ್ರು. ಕೊಳವೆ ಜಾರಿ ಬಲಗಡೆಯ ಹೃದಯನಾಳದೊಳಗೆ ಹೋಗಿಬಿಡ್ತು, ಬಣ್ಣವೂ ಒಳಗೆ ಹೋಯ್ತು. ಹೃದಯ ನಿಂತೇಹೋಯ್ತು. ‘ಕೆಮ್ಮು’ ಅಂತ ಕೂಗಿದ್ರು, ಹುಡುಗ ಕೆಮ್ಮಿದ, ಬಡಿತ ವಾಪಸ್ ಬಂತು. ಸ್ಟೆಂಟು, ಬೈಪಾಸು, ಈ ಇಡೀ ಸಂಸಾರ ಶುರುವಾಗಿದ್ದು ಆ ಅಚಾತುರ್ಯದಿಂದ. ಅಡಚಣೆ ಕಂಡರೆ ತೆಗೀಬಹುದು, ಜೀವ ಉಳಿಸಬಹುದು. ಹಾಗಾಗಿ ಕಂಡದ್ದನ್ನೇ ಕಾಯಿಲೆ ಅಂದುಕೊಳ್ಳೋ ಅಭ್ಯಾಸ ನಮಗೆ ಬಂತು.

ದೊಡ್ಡಮ್ಮ: ಲೆಕ್ಕದಲ್ಲಿ ಹೇಳು. ಕೊಳವೆಯಲ್ಲಿ ದ್ರವ ಹರಿಯೋದು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿ. ತ್ರಿಜ್ಯ ಅರ್ಧ ಆದ್ರೆ ಹರಿವು ಹದಿನಾರನೇ ಒಂದು. ನಾನು ಮಕ್ಕಳಿಗೆ ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೀನಿ. ಹಾಗಾದ್ರೆ ತಡೆ ಇರೋದು ಸಣ್ಣ ಕೊಳವೆಗಳಲ್ಲೇ ಅಲ್ವಾ?

ಡಾಕ್ಟರು: ಸರಿಯಾಗಿ ಹಿಡಿದ್ರಿ. ಆರೋಗ್ಯವಂತ ಹೃದಯದಲ್ಲಿ ಮೇಲ್ಮೈಯ ದೊಡ್ಡ ನಾಳಗಳು ಒಟ್ಟು ತಡೆಯ ಹತ್ತನೇ ಒಂದು ಪಾಲು ಕೊಟ್ಟರೆ ಹೆಚ್ಚು. ಉಳಿದದ್ದೆಲ್ಲ ಸಣ್ಣವುಗಳದ್ದು. ಹರಿವನ್ನು ಏರಿಸೋದು ಇಳಿಸೋದು ಅವುಗಳ ಕೈಯಲ್ಲೇ ಇದೆ. ಸಣ್ಣ ನಾಳ ಹತ್ತು ಪರ್ಸೆಂಟ್ ಕುಗ್ಗಿದರೂ ಸಾಕು, ಹರಿವು ಮೂರನೇ ಒಂದು ಪಾಲು ಬಿದ್ದುಹೋಗುತ್ತೆ.

ದೊಡ್ಡಮ್ಮ: ಅಂದ್ರೆ ನಮ್ಮ ಭದ್ರಾ ಬಲದಂಡೆ ನಾಲೆಯ ಕಥೆ. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ನೀರು ತುಂಬಿದೆ, ದೊಡ್ಡ ನಾಲೆಯಲ್ಲಿ ಭರ್ತಿ ಹರೀತಿದೆ, ಪೇಪರಿನಲ್ಲಿ ಫೋಟೊ ಬಂದಿದೆ. ಹರಿಹರದ ಕಡೆ ಕೊನೇ ಭಾಗದ ಗದ್ದೆಗೆ ಮಾತ್ರ ನೀರಿಲ್ಲ. ನಿಮ್ಮ ತಾತ ಪ್ರತಿ ಬೇಸಿಗೆಯೂ ತೂಬಿನ ಹತ್ತಿರ ನೀರುಗಂಟಿ ಜೊತೆ ಜಗಳ ಆಡಿದವರೇ. ಇಂಜಿನಿಯರು ಬಂದು ನಾಲೆ ನೋಡಿ ‘ನೀರು ಚೆನ್ನಾಗಿದೆಯಲ್ಲ’ ಅಂತ ಜೀಪು ಹತ್ತಿ ಹೋಗೋರು.

ಡಾಕ್ಟರು: ಆ ನೀರುಗಂಟಿ ಇಲ್ಲೂ ಇದ್ದಾನೆ, ಅವನ ಕಥೆಗೆ ಬರ್ತೀನಿ. ಆದರೆ ನಾಲೆಗೂ ಹೃದಯಕ್ಕೂ ಎರಡು ವ್ಯತ್ಯಾಸ ಇದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಗದ್ದೆ ತನ್ನ ಕಾಲುವೆಯನ್ನ ತಾನೇ ಹಿಂಡಲ್ಲ. ಹೃದಯ ಹಿಂಡುತ್ತೆ. ಪ್ರತಿ ಸಲ ಸಂಕುಚಿಸಿದಾಗಲೂ ತನ್ನ ಗೋಡೆಯೊಳಗಿನ ನಾಳಗಳನ್ನ ಅದು ಅಮುಕಿಬಿಡುತ್ತೆ. ಹಾಗಾಗಿ ಎಡಭಾಗದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗೋದು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಬಡಿತ ಜೋರಾದಷ್ಟೂ ಆ ವಿರಾಮ ಕಿರಿದಾಗುತ್ತೆ. ಗೋಡೆಯ ಒಳಪದರ ಎಲ್ಲಕ್ಕಿಂತ ಹೆಚ್ಚು ಅಮುಕಿಸಿಕೊಳ್ಳುತ್ತೆ, ನಿಮ್ಮ ಕೊನೇ ಭಾಗದ ಗದ್ದೆ ಅದೇ.

ದೊಡ್ಡಮ್ಮ: ಎರಡನೇದು?

ಡಾಕ್ಟರು: ದೇಹದ ಬೇರೆ ಭಾಗಗಳು ತಮಗೆ ಬಂದ ರಕ್ತದಿಂದ ನಾಲ್ಕನೇ ಒಂದು ಪಾಲು ಆಮ್ಲಜನಕ ತಗೊಂಡು ಉಳಿದದ್ದನ್ನ ವಾಪಸ್ ಕಳಿಸ್ತವೆ. ಹೆಚ್ಚು ಬೇಕಾದ್ರೆ ಅದೇ ರಕ್ತದಿಂದ ಇನ್ನಷ್ಟು ಹೀರಬಹುದು. ಹೃದಯ ಸುಮ್ಮನೆ ಕೂತಿದ್ದಾಗಲೂ ಮುಕ್ಕಾಲು ಪಾಲು ಹೀರಿರುತ್ತೆ. ಹೆಚ್ಚು ಬೇಕು ಅಂದ್ರೆ ಅದಕ್ಕೆ ಇರೋದು ಒಂದೇ ದಾರಿ, ಹರಿವು ಹೆಚ್ಚಾಗಬೇಕು. ಆರೋಗ್ಯವಂತರಲ್ಲಿ ಅದು ಮೂರು ನಾಲ್ಕು ಪಟ್ಟು ಏರುತ್ತೆ. ನೀವು ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಅದು ಒಂದೂವರೆ ಪಟ್ಟಿಗೆ ನಿಂತುಬಿಟ್ಟರೆ ಏನಾಗುತ್ತೆ ಹೇಳಿ.

ದೊಡ್ಡಮ್ಮ: ನೋವಾಗುತ್ತೆ. ಅದೂ ಆಂಜಿಯೋಗ್ರಾಂ ಟೇಬಲ್ ಮೇಲೆ ಆರಾಮಾಗಿ ಮಲಗಿದ್ದಾಗ ಏನೂ ಕಾಣಲ್ಲ. ಸರಿ, ನೀರುಗಂಟಿ ಯಾರು?

ಡಾಕ್ಟರು: ರಕ್ತನಾಳದ ಒಳಗೋಡೆಗೆ ಒಂದೇ ಸಾಲು ಜೀವಕೋಶಗಳ ತೆಳು ಹೊದಿಕೆ ಇದೆ, ಎಂಡೋಥೀಲಿಯಂ ಅಂತಾರೆ. ಬಹಳ ಕಾಲ ಅದನ್ನ ಗೋಡೆಗೆ ಬಳಿದ ಸುಣ್ಣ ಅಂದುಕೊಂಡಿದ್ರು, ಕೆಲಸ ಇಲ್ಲದ್ದು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಒಂದು ಸರಳ ಪ್ರಯೋಗ ತೋರಿಸಿದ್ರು. ಅಸಿಟೈಲ್‌ಕೋಲಿನ್ ಹಾಕಿದರೆ ನಾಳ ಸಡಿಲ ಆಗುತ್ತೆ. ಒಳಗಿನ ಆ ಹೊದಿಕೆಯನ್ನ ಉಜ್ಜಿ ತೆಗೆದು ಅದೇ ಔಷಧಿ ಹಾಕಿದರೆ ಸಡಿಲ ಆಗಲ್ಲ. ಅಂದರೆ ಹೊದಿಕೆಯೇ ಏನೋ ಒಂದು ಸಂದೇಶ ಕಳಿಸ್ತಿತ್ತು. ಅದು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯ್ತು, 1998ರಲ್ಲಿ ಅವರಿಗೂ ಇಗ್ನಾರೊ, ಮುರಾದ್ ಅವರಿಗೂ ನೊಬೆಲ್ ಬಂತು. 1986ರಲ್ಲಿ ಬೋಸ್ಟನ್‌ನವರು ಅದೇ ಔಷಧಿಯನ್ನ ರೋಗಿಗಳ ಹೃದಯನಾಳಕ್ಕೆ ಕೊಟ್ಟಾಗ ಇನ್ನೊಂದು ಮುಖ ಕಂಡಿತು. ಒಳಹೊದಿಕೆ ಕೆಟ್ಟ ನಾಳಗಳು ಅಗಲ ಆಗೋ ಬದಲು ಮುದುಡಿಕೊಂಡವು.

ದೊಡ್ಡಮ್ಮ: ತೂಬು ತೆಗೆಯೋಕೆ ಹೇಳಿದ್ರೆ ನೀರುಗಂಟಿ ಮುಚ್ಚಿದ.

ಡಾಕ್ಟರು: ಸಕ್ಕರೆ, ಬಿಪಿ, ಸಿಗರೇಟು, ಕೊಲೆಸ್ಟರಾಲ್, ವಯಸ್ಸು ಇವೆಲ್ಲ ಅವನನ್ನ ಕೆಡಿಸ್ತವೆ. ಹೆಂಗಸರಲ್ಲಿ ಮುಟ್ಟು ನಿಂತು ಈಸ್ಟ್ರೊಜನ್ ಇಳಿದ ಮೇಲೆ ಒಂದು ರಕ್ಷಣೆ ಹೋಗುತ್ತೆ. ಇನ್ನು ಕೆಲವರಲ್ಲಿ ಸಮಸ್ಯೆ ರಚನೆಯದ್ದೇ. ಬಿಪಿ ವರ್ಷಗಟ್ಟಲೆ ಏರಿದ್ದು ಸಣ್ಣ ನಾಳಗಳ ಗೋಡೆ ದಪ್ಪ ಆಗಿರುತ್ತೆ, ಒಳಜಾಗ ಕಿರಿದಾಗಿರುತ್ತೆ, ಲೋಮನಾಳಗಳ ಸಂಖ್ಯೆಯೇ ಕಡಿಮೆ ಆಗಿರುತ್ತೆ. ಸ್ನಾಯು ದಪ್ಪಗಾದ ಹೃದಯದಲ್ಲಿ ಗದ್ದೆ ಬೆಳೆದಿದೆ, ಕಾಲುವೆ ಬೆಳೆದಿಲ್ಲ. ಎರಡೂ ಬಗೆ ಒಬ್ಬರಲ್ಲೇ ಸೇರಿರೋದೂ ಉಂಟು.

ದೊಡ್ಡಮ್ಮ: ಇದಕ್ಕೆ ಒಂದು ಹೆಸರಿಲ್ಲವಾ? ನನ್ನ ಫೈಲಿನಲ್ಲಿ ಎಲ್ಲೂ ಬರೆದಿಲ್ಲ.

ಡಾಕ್ಟರು: ಈಗಿನ ಹೆಸರು ಮೈಕ್ರೊವ್ಯಾಸ್ಕುಲರ್ ಆಂಜೈನಾ, 1988ರಿಂದ ಬಳಕೆಯಲ್ಲಿದೆ. ಅದಕ್ಕೂ ಮುಂಚಿನ ಹೆಸರು ಕೇಳಿದ್ರೆ ನೀವು ನಗ್ತೀರಿ. 1967ರಲ್ಲೇ ಅಮೆರಿಕದ ಡಾಕ್ಟರುಗಳು ಬರೆದಿದ್ರು, ನೋಡಿದರೆ ಖಂಡಿತ ಹೃದಯದ ನೋವು, ಆಂಜಿಯೋಗ್ರಾಂ ನೋಡಿದರೆ ನಿರ್ಮಲ, ಇದೆಂಥ ವಿರೋಧಾಭಾಸ ಅಂತ. 1973ರಲ್ಲಿ ಇಂಥ ರೋಗಿಗಳ ಮೇಲೆ ಒಂದು ಲೇಖನ ಬಂತು. ಅದರಲ್ಲಿ ಅಡಚಣೆ ಇದ್ದವರು ಒಂದು ಗುಂಪು, ಇಲ್ಲದವರು ‘ಎಕ್ಸ್’ ಗುಂಪು. ಹಾರ್ವೆ ಕೆಂಪ್ ಅನ್ನೋರು ಅದಕ್ಕೆ ಸಂಪಾದಕೀಯ ಬರೆಯುವಾಗ ‘ಸಿಂಡ್ರೋಮ್ ಎಕ್ಸ್’ ಅಂದುಬಿಟ್ರು. ಆ ಹೆಸರು ಇಪ್ಪತ್ತು ಮೂವತ್ತು ವರ್ಷ ಉಳೀತು.

ದೊಡ್ಡಮ್ಮ: ಬೀಜಗಣಿತದಲ್ಲಿ ಎಕ್ಸ್ ಇಟ್ಟುಕೊಳ್ಳೋದು ಅದನ್ನ ಕಂಡುಹಿಡಿಯೋಕೆ. ನೀವು ಇಟ್ಟು ಮಲಗಿಬಿಟ್ರಿ.

ಡಾಕ್ಟರು: ಮಲಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ್ವಿ. ಈ ಗುಂಪಿನಲ್ಲಿ ಹೆಂಗಸರೇ ಜಾಸ್ತಿ. ಕೆಲವು ವರ್ಷ ಹಿಂಬಾಲಿಸಿದ್ರು, ಯಾರೂ ಬೇಗ ಸಾಯಲಿಲ್ಲ ಅಂತ ಕಂಡಿತು. ಹೃದಯದ್ದಲ್ಲ, ಮನಸ್ಸಿನದ್ದು, ಅಪಾಯ ಇಲ್ಲ ಅಂತ ಷರಾ ಬರೆದ್ರು. ಈ ಕುರುಡು ಬಹಳ ಹಳೇದು ದೊಡ್ಡಮ್ಮ. ಆಂಜೈನಾ ಅನ್ನೋ ಕಾಯಿಲೆಯನ್ನ 1768ರಲ್ಲಿ ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಲಂಡನ್ನಿನ ವಿಲಿಯಂ ಹೆಬರ್ಡನ್. ಅವರು ತೀರಿಕೊಂಡ ಮೇಲೆ 1802ರಲ್ಲಿ ಬಂದ ಪುಸ್ತಕದಲ್ಲಿ ಲೆಕ್ಕ ಇದೆ. ಅವರು ನೋಡಿದ್ದು ಹೆಚ್ಚುಕಮ್ಮಿ ನೂರು ರೋಗಿಗಳನ್ನ, ಅದರಲ್ಲಿ ಹೆಂಗಸರು ಮೂವರು. ಉಳಿದವರು, ಒಬ್ಬ ಹುಡುಗನನ್ನ ಬಿಟ್ಟರೆ, ಐವತ್ತರ ಆಸುಪಾಸಿನ ಅಥವಾ ಅದು ದಾಟಿದ ಗಂಡಸರು. ಎದೆನೋವು ಅಂದರೆ ಎದೆ ಹಿಡಿದುಕೊಂಡ ನಡುವಯಸ್ಸಿನ ಗಂಡಸು ಅನ್ನೋ ಚಿತ್ರ ನಮ್ಮ ಪಠ್ಯದೊಳಗೆ ಕೂತಿದ್ದು ಆಗಲೇ.

ದೊಡ್ಡಮ್ಮ: ಆ ಕಾಲದ ಲಂಡನ್ನಿನಲ್ಲಿ ಹೆಂಗಸರಿಗೆ ಎದೆನೋವು ಬರ್ತಿರಲಿಲ್ಲ ಅಂತಲ್ಲ. ಡಾಕ್ಟರ ತನಕ ಹೋಗ್ತಿರಲಿಲ್ಲ, ಹೋದ್ರೂ ಬೇರೆ ಹೆಸರು ಬರೀತಿದ್ರು. ನನ್ನ ಫೈಲಿನಲ್ಲಿ ಗ್ಯಾಸ್ ಅಂತ ಬರೆದ ಹಾಗೆ.

ಡಾಕ್ಟರು: ಅದನ್ನ ಗಂಭೀರವಾಗಿ ಹಿಡಿದದ್ದು ವೈಸ್ ಅನ್ನೋ ಅಧ್ಯಯನ. 1996ರಲ್ಲಿ ಅಮೆರಿಕ ಸರ್ಕಾರದ ಹೃದಯ ಸಂಸ್ಥೆಯ ದುಡ್ಡಿನಲ್ಲಿ ಶುರುವಾಯ್ತು, ಎದೆನೋವಿನ ಹೆಂಗಸರ ಮೇಲೇ. ನೋಯೆಲ್ ಬೈರಿ ಮೆರ್ಜ್ ಅದರ ಮುಂದಾಳು. ಅಡಚಣೆ ಇಲ್ಲದವರ ನಾಳಕ್ಕೆ ತಂತಿ ಇಳಿಸಿ ಅಳೆದು ನೋಡಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಸಣ್ಣ ನಾಳಗಳು ತೆರೆದುಕೊಳ್ಳಬೇಕಾದಷ್ಟು ತೆರೆದುಕೊಳ್ಳುತ್ತಿರಲಿಲ್ಲ. ವರ್ಷಾನುಗಟ್ಟಲೆ ಹಿಂಬಾಲಿಸಿದಾಗ ಇವರು ‘ಅಪಾಯ ಇಲ್ಲದವರು’ ಅಲ್ಲ ಅನ್ನೋದೂ ಗೊತ್ತಾಯ್ತು. ಹೃದಯಾಘಾತ, ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರೋದು, ಎಲ್ಲವೂ ನೋವಿಲ್ಲದ ಹೆಂಗಸರಿಗಿಂತ ಹೆಚ್ಚು. ಗಂಡಸರಿಗೂ ಈ ಕಾಯಿಲೆ ಬರುತ್ತೆ, ಅದನ್ನೂ ಹೇಳಬೇಕು. ಅವರದ್ದೂ ಅಷ್ಟೇ ತಪ್ಪಿಹೋಗುತ್ತೆ.

ದೊಡ್ಡಮ್ಮ: ನನ್ನ ಹಾಗೆ ನಾರ್ಮಲ್ ಬಂದವರು ಅಪರೂಪವೋ?

ಡಾಕ್ಟರು: 2010ರಲ್ಲಿ ಅಮೆರಿಕದ ಲೆಕ್ಕ ಒಂದು ಬಂತು, ತುರ್ತಲ್ಲದೆ ಆಂಜಿಯೋಗ್ರಾಂ ಮಾಡಿಸಿಕೊಂಡ ಸುಮಾರು 4 ಲಕ್ಷ ಜನರದ್ದು. ಮೊದಲೇ ಹೃದ್ರೋಗ ಇದೆ ಅಂತ ಗೊತ್ತಿಲ್ಲದವರು. ಗಟ್ಟಿ ಅಡಚಣೆ ಸಿಕ್ಕಿದ್ದು ನೂರಕ್ಕೆ 38 ಜನರಲ್ಲಿ. ಉಳಿದವರೆಲ್ಲರಿಗೂ ಸಣ್ಣ ನಾಳದ ಕಾಯಿಲೆ ಅಂತ ಅರ್ಥ ಅಲ್ಲ. ಎಷ್ಟೋ ಎದೆನೋವು ಅನ್ನನಾಳದ್ದು, ಪಕ್ಕೆಲುಬಿನ ಕೀಲಿನದ್ದು, ಕೆಲವು ನಿಜಕ್ಕೂ ಆತಂಕದ್ದು. ಅವರನ್ನೂ ನಾನು ನೋಡ್ತೀನಿ. ನನ್ನ ತಕರಾರು ಇಷ್ಟೇ. ಆ ತೀರ್ಮಾನಕ್ಕೆ ಅಳತೆ ಮಾಡಿ ಬರಬೇಕು, ಆಂಜಿಯೋಗ್ರಾಂ ಮುಗಿದ ಮಾತ್ರಕ್ಕೆ ಬರಬಾರದು.

ದೊಡ್ಡಮ್ಮ: ಅಳೆಯೋದು ಹೇಗೆ?

ಡಾಕ್ಟರು: ಆಂಜಿಯೋಗ್ರಾಂ ಮಾಡುವಾಗಲೇ ತೀರಾ ತೆಳ್ಳಗಿನ ತಂತಿಯನ್ನ ನಾಳದೊಳಗೆ ಇಳಿಸ್ತೀವಿ, ತುದಿಯಲ್ಲಿ ಒತ್ತಡ ಮತ್ತು ಉಷ್ಣತೆ ಅಳೆಯೋ ಸೆನ್ಸರ್ ಇರುತ್ತೆ. ತಣ್ಣನೆ ಸಲೈನ್ ಸ್ವಲ್ಪ ತಳ್ಳಿ, ಅದು ತುದಿ ತಲುಪೋಕೆ ಎಷ್ಟು ಹೊತ್ತು ಹಿಡೀತು ಅಂತ ನೋಡೋದು. ಆಮೇಲೆ ಅಡೆನೊಸಿನ್ ಕೊಡೋದು, ಅದು ಸಣ್ಣ ನಾಳಗಳನ್ನ ಪೂರ್ತಿ ಸಡಿಲ ಮಾಡೋ ಔಷಧಿ. ಮತ್ತೆ ಅಳೆಯೋದು. ಹರಿವು ಎರಡು ಪಟ್ಟಿಗೂ ಏರಲಿಲ್ಲ ಅಂದ್ರೆ ತೊಂದರೆ ಇದೆ. ಎರಡರಿಂದ ಎರಡೂವರೆ ತನಕ ಸಂದೇಹದ ಜಾಗ. ಸಣ್ಣ ನಾಳಗಳ ತಡೆಗೆ ಇನ್ನೊಂದು ಸೂಚ್ಯಂಕ ಬರುತ್ತೆ, 25 ದಾಟಿದ್ರೆ ಹೆಚ್ಚು.

ದೊಡ್ಡಮ್ಮ: ಮುದುಡಿಕೊಳ್ಳೋ ನಾಳವನ್ನ ಅಡೆನೊಸಿನ್ ಹೇಗೆ ತೋರಿಸುತ್ತೆ? ಅದು ಸಡಿಲ ಮಾಡೋದಲ್ವಾ?

ಡಾಕ್ಟರು: ತೋರಿಸಲ್ಲ. ಅದಕ್ಕೆ ಅಸಿಟೈಲ್‌ಕೋಲಿನ್ನೇ ಬೇಕು. ಸ್ವಲ್ಪ ಸ್ವಲ್ಪವಾಗಿ ಏರಿಸ್ತಾ, ನೋವು ಬರುತ್ತಾ, ಇಸಿಜಿ ಬದಲಾಗುತ್ತಾ, ದೊಡ್ಡ ನಾಳ ಮುದುಡುತ್ತಾ ಅಂತ ನೋಡಬೇಕು. ಮೂರನೆಯದು ಆಗದೆ ಮೊದಲೆರಡು ಆದರೆ ಮುದುಡಿದ್ದು ಸಣ್ಣವು ಅಂತ ಅರ್ಥ. ಈ ಪರೀಕ್ಷೆ ನಮ್ಮಲ್ಲಿ ದೊಡ್ಡ ಊರುಗಳ ಕೆಲವೇ ಕ್ಯಾತ್‌ಲ್ಯಾಬ್‌ಗಳಲ್ಲಿ ಮಾತ್ರ ಮಾಡ್ತಾರೆ. ತಂತಿಗೂ ದುಡ್ಡು ಜಾಸ್ತಿ. ತಂತಿ ಬೇಡ ಅಂದ್ರೆ ಪೆಟ್ ಸ್ಕ್ಯಾನ್, ಹೃದಯದ ಎಂಆರ್‌ಐ ಇವೆ. ಒಳ್ಳೆ ಕೈ ಇರೋ ಎಕೊ ಡಾಕ್ಟರು ಎದೆಯ ಮೇಲಿಂದಲೇ ಮುಂಭಾಗದ ನಾಳದ ಹರಿವನ್ನ ಅಡೆನೊಸಿನ್ ಕೊಟ್ಟು ಅಳೆಯಬಲ್ಲರು.

ದೊಡ್ಡಮ್ಮ: ಅಷ್ಟೆಲ್ಲಾ ಅಳೆದು ಪ್ರಯೋಜನ? ಸ್ಟೆಂಟ್ ಹಾಕೋಕಂತೂ ಆಗಲ್ಲ, ಹೆಸರು ಗೊತ್ತಾಗುತ್ತೆ ಅಷ್ಟೇ ತಾನೇ?

ಡಾಕ್ಟರು: ಇದೇ ಪ್ರಶ್ನೆ ಸ್ಕಾಟ್‌ಲೆಂಡಿನ ಗ್ಲಾಸ್ಗೊದಲ್ಲಿ ಕಾಲಿನ್ ಬೆರಿ ಅವರ ತಂಡ ಕೇಳಿತು. ಅವರು ಮಾಡಿದ ಉಪಾಯ ನಿಮಗೆ ಹಿಡಿಸುತ್ತೆ. ಆಂಜಿಯೋಗ್ರಾಂನಲ್ಲಿ ಅಡಚಣೆ ಇಲ್ಲದ 151 ಜನರಿಗೂ ತಂತಿ ಹಾಕಿ ಎಲ್ಲಾ ಅಳೆದ್ರು. ಚೀಟಿ ಎತ್ತಿದ ಹಾಗೆ ಅರ್ಧ ಜನರ ಫಲಿತಾಂಶವನ್ನ ಅವರ ಡಾಕ್ಟರಿಗೆ ತಿಳಿಸಿದ್ರು, ಇನ್ನರ್ಧದವರದ್ದನ್ನ ಮುಚ್ಚಿಟ್ಟರು. ಗೊತ್ತಾದವರಿಗೆ ಕಾಯಿಲೆ ನೋಡಿ ಔಷಧಿ, ಉಳಿದವರಿಗೆ ಮಾಮೂಲು. ಆರು ತಿಂಗಳಿಗೆ ಮೊದಲ ಗುಂಪಿನವರ ನೋವು, ಓಡಾಟ, ದಿನನಿತ್ಯದ ಬದುಕು ಸ್ಪಷ್ಟವಾಗಿ ಸುಧಾರಿಸಿತ್ತು. 2018ರಲ್ಲಿ ಪ್ರಕಟ ಆಯ್ತು, ಕಾರ್‌ಮಿಕಾ ಅಂತ ಹೆಸರು. ಹೊಸ ಔಷಧಿ ಒಂದೂ ಇಲ್ಲ, ಎಲ್ಲಾ ಅಂಗಡಿಯಲ್ಲಿ ಸಿಗೋ ಹಳೇ ಮಾತ್ರೆಗಳು. ಬದಲಾಗಿದ್ದು ಯಾರಿಗೆ ಯಾವುದು ಅನ್ನೋದು. ಆ 151 ಜನರಲ್ಲಿ ಅರ್ಧದಷ್ಟು ಜನರಿಗೆ ಸಣ್ಣ ನಾಳದ ತೊಂದರೆ, ನೂರಕ್ಕೆ 17 ಜನರಿಗೆ ದೊಡ್ಡ ನಾಳದ ಸೆಳೆತ, ನೂರಕ್ಕೆ ಇಪ್ಪತ್ತರಷ್ಟು ಜನರಿಗೆ ಎರಡೂ. ಹೃದಯದಲ್ಲಿ ಏನೂ ಸಿಗದವರು ನೂರಕ್ಕೆ 11.

ದೊಡ್ಡಮ್ಮ: ಆ ಏನೂ ಸಿಗದವರಿಗೂ ಒಳ್ಳೇದೇ ಆಯ್ತು, ಸುಮ್ಮನೆ ಹೃದಯದ ಮಾತ್ರೆ ನುಂಗೋದು ತಪ್ಪಿತು. ಸೆಳೆತ ಅಂದ್ಯಲ್ಲ, ಅದೇನು?

ಡಾಕ್ಟರು: ಪ್ರಿಂಜ್‌ಮೆಟಲ್ ಅನ್ನೋರು 1959ರಲ್ಲಿ ವರ್ಣಿಸಿದ್ದು. ಹಗಲೆಲ್ಲ ಗುಡ್ಡ ಹತ್ತಿದರೂ ಏನೂ ಆಗಲ್ಲ, ರಾತ್ರಿ ಅಥವಾ ನಸುಕಿನಲ್ಲಿ ಮಲಗಿದ್ದಾಗ ನೋವು. ದೊಡ್ಡ ನಾಳವೇ ಇದ್ದಕ್ಕಿದ್ದಂತೆ ಬಿಗಿದುಕೊಂಡು ಸ್ವಲ್ಪ ಹೊತ್ತಿಗೆ ಬಿಡುತ್ತೆ. ಇದಕ್ಕೆ ಡಿಲ್ಟಿಯಾಜೆಮ್‌ನಂಥ ಕ್ಯಾಲ್ಸಿಯಂ ಚಾನೆಲ್ ಮಾತ್ರೆಗಳು ಬಹಳ ಚೆನ್ನಾಗಿ ಒಗ್ಗುತ್ತವೆ. ಬೀಟಾ ಬ್ಲಾಕರ್ ಕೊಟ್ಟರೆ ಕೆಲವರಿಗೆ ಹೆಚ್ಚಾಗಬಹುದು. ಸಣ್ಣ ನಾಳಗಳು ತೆರೆದುಕೊಳ್ಳದ ನಿಮ್ಮಂಥವರಿಗೆ ಅದೇ ಬೀಟಾ ಬ್ಲಾಕರ್ ಅನುಕೂಲ, ಬಡಿತ ನಿಧಾನ ಮಾಡಿ ಆ ವಿರಾಮವನ್ನ ಉದ್ದ ಮಾಡುತ್ತಲ್ಲ. ಕುರುಡಾಗಿ ಕೊಟ್ಟರೆ ಎಷ್ಟೋ ಜನಕ್ಕೆ ತಪ್ಪು ಮಾತ್ರೆ ಹೋಗುತ್ತೆ ಅನ್ನೋದು ಇದಕ್ಕೇ.

ದೊಡ್ಡಮ್ಮ: ನಮ್ಮ ಬೀದಿಯಲ್ಲಿ ಒಬ್ಬಾಕೆ, ಗಂಡ ತೀರಿಕೊಂಡ ದಿನವೇ ಹಾರ್ಟ್ ಅಟ್ಯಾಕ್ ಅಂತ ಸೇರಿಸಿದ್ರು. ಅವಳದ್ದೂ ನಾರ್ಮಲ್ ಬಂತಂತೆ. ಅದೂ ಇದೇನಾ?

ಡಾಕ್ಟರು: ಅವರನ್ನ ನೋಡದೆ ಹೇಳಲಾರೆ. ತಕೊತ್ಸುಬೊ ಅಂತ ಒಂದಿದೆ, 1990ರಲ್ಲಿ ಹಿರೋಷಿಮಾದ ವೈದ್ಯರು ಮೊದಲು ಬರೆದದ್ದು. ದೊಡ್ಡ ಆಘಾತದ ಬೆನ್ನಲ್ಲೇ ಹೃದಯದ ತುದಿ ಕೆಲಸ ನಿಲ್ಲಿಸಿ ಉಬ್ಬಿಕೊಳ್ಳುತ್ತೆ. ಮುಟ್ಟು ನಿಂತ ಹೆಂಗಸರಲ್ಲೇ ಬಹುಪಾಲು. ಅಡ್ರಿನಲಿನ್ ಪ್ರವಾಹದಲ್ಲಿ ಸ್ನಾಯು ತತ್ತರಿಸುತ್ತೆ, ಸಣ್ಣ ನಾಳಗಳೂ ಆ ಹೊತ್ತಿಗೆ ಕೈಕೊಡುತ್ತವೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಹೃದಯ ಮೊದಲಿನ ಹಾಗೆ ಆಗುತ್ತೆ, ಆದರೆ ಶುರುವಿನ ದಿನಗಳು ಅಪಾಯದವು. ಇದನ್ನ ಬಿಟ್ಟು, ನಿಜವಾದ ಹೃದಯಾಘಾತದಲ್ಲೂ ನೂರಕ್ಕೆ ಸುಮಾರು ಆರು ಜನರಲ್ಲಿ ಗಟ್ಟಿ ಅಡಚಣೆ ಸಿಗಲ್ಲ. ಕಾರಣ ಹುಡುಕಬೇಕು, ‘ಏನೂ ಇಲ್ಲ’ ಅಂತ ಕಳಿಸಬಾರದು.

ದೊಡ್ಡಮ್ಮ: ಇನ್ನೆಲ್ಲೆಲ್ಲಿ ಇದರ ಕೈವಾಡ ಇದೆ?

ಡಾಕ್ಟರು: ಎಕೊ ಮಾಡಿದ್ರೆ ಪಂಪಿಂಗ್ 60 ಪರ್ಸೆಂಟ್, ಚೆನ್ನಾಗಿದೆ ಅಂತಾರೆ. ಆದರೂ ನಡೆದರೆ ಏದುಸಿರು, ಕಾಲು ಊತ. ಹೃದಯ ಹಿಂಡುತ್ತೆ, ಸಡಿಲ ಆಗಲ್ಲ. ಈ ಬಗೆಯ ಹೃದಯ ವೈಫಲ್ಯ ವಯಸ್ಸಾದ, ದಪ್ಪ ಮೈಯ, ಬಿಪಿ ಸಕ್ಕರೆ ಇರೋ ಹೆಂಗಸರಲ್ಲಿ ಬಹಳ. 2018ರಲ್ಲಿ ಹಲವು ದೇಶಗಳ 202 ರೋಗಿಗಳನ್ನ ಪರೀಕ್ಷಿಸಿದಾಗ ನಾಲ್ಕರಲ್ಲಿ ಮೂರು ಪಾಲು ಜನರ ಸಣ್ಣ ನಾಳಗಳು ಕೆಟ್ಟಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ವಾದ ನಡೀತಿದೆ. ಇನ್ನೊಂದು, ಹೃದಯಾಘಾತದಲ್ಲಿ ಸ್ಟೆಂಟ್ ಹಾಕಿ ದೊಡ್ಡ ನಾಳ ತೆರೆದ ಮೇಲೂ ಕೆಲವರಲ್ಲಿ ರಕ್ತ ಒಳಗೆ ಇಳಿಯಲ್ಲ. ಸ್ಟೆಂಟ್ ಫಳಫಳ ಅಂತಿರುತ್ತೆ, ಸ್ನಾಯು ಸಾಯ್ತಾ ಇರುತ್ತೆ. ಕ್ಯಾತ್‌ಲ್ಯಾಬಿನಲ್ಲಿ ನನಗೆ ಅತಿ ಹೆಚ್ಚು ಕೈಕಟ್ಟಿದಂತೆ ಅನಿಸೋದು ಆಗಲೇ.

ದೊಡ್ಡಮ್ಮ: ನನ್ನ ವಿಷಯಕ್ಕೆ ಬಾ. ಬ್ಲಾಕ್ ಇಲ್ಲ ಅಂದ ಮೇಲೆ ಕೊಲೆಸ್ಟರಾಲ್ ಮಾತ್ರೆ ಯಾಕೆ ಅಂತ ನಾನೇ ನಿಲ್ಲಿಸಿದ್ದೀನಿ.

ಡಾಕ್ಟರು: ಇವತ್ತು ರಾತ್ರಿಯಿಂದಲೇ ಮತ್ತೆ ಶುರುಮಾಡಿ. ‘ನಾರ್ಮಲ್’ ಅಂದವರ ನಾಳದ ಗೋಡೆಯೊಳಗೂ ಕೊಬ್ಬು ಕೂತಿರಬಹುದು, ಒಳಗೆ ಚಾಚಿಲ್ಲದ್ದರಿಂದ ಆಂಜಿಯೋಗ್ರಾಂನಲ್ಲಿ ಕಾಣಲ್ಲ. ಸಕ್ಕರೆ ಕಾಯಿಲೆ ಇರೋ ನಿಮಗೆ ಸ್ಟ್ಯಾಟಿನ್ ಬೇಕೇ ಬೇಕು, ಅದು ಒಳಹೊದಿಕೆಗೂ ಒಳ್ಳೇದು. ಬಿಪಿಗೆ ರಾಮಿಪ್ರಿಲ್ ಇದೆಯಲ್ಲ, ಅದೂ ಇರಲಿ. ನೋವಿಗೆ ಬೀಟಾ ಬ್ಲಾಕರ್‌ನಿಂದ ಶುರುಮಾಡಿ, ಸಾಲದಿದ್ದರೆ ಕ್ಯಾಲ್ಸಿಯಂ ಚಾನೆಲ್ ಮಾತ್ರೆ, ನಿಕೊರಾಂಡಿಲ್ ಸೇರಿಸ್ತಾರೆ, ನಿಮ್ಮ ಡಾಕ್ಟರೇ ನಿರ್ಧರಿಸಲಿ. ರಾನೊಲಜಿನ್ ಬಗ್ಗೆ ವೈಸ್ ತಂಡವೇ ಪರೀಕ್ಷೆ ಮಾಡಿತ್ತು, ಒಟ್ಟಾರೆ ಲಾಭ ಕಾಣಲಿಲ್ಲ, ಹರಿವು ಬಹಳ ಕಡಿಮೆ ಇದ್ದವರಿಗೆ ಸ್ವಲ್ಪ ಉಪಯೋಗ ಆಯ್ತು. ನಿಮ್ಮ ಹತ್ತಿರ ಮುಚ್ಚಿಡಲ್ಲ, ಈ ಮಾತ್ರೆಗಳು ನೋವು ಇಳಿಸ್ತವೆ ಅನ್ನೋಕೆ ಪುರಾವೆ ಇದೆ. ಸಣ್ಣ ನಾಳವನ್ನ ಮೊದಲಿನಂತೆ ಮಾಡೋ ಔಷಧಿ ಇನ್ನೂ ಬಂದಿಲ್ಲ.

ದೊಡ್ಡಮ್ಮ: ನಡೆಯೋದು? ನೋವು ಬರುತ್ತೆ ಅಂತ ಮನೆಯಿಂದ ಆಚೆ ಹೋಗೋದನ್ನೇ ಬಿಟ್ಟಿದ್ದೀನಿ.

ಡಾಕ್ಟರು: ಅದೇ ತಪ್ಪು, ಅದೂ ನಿಮ್ಮದಲ್ಲ, ನಾವು ಹೇಳಿಕೊಡಲಿಲ್ಲ. ನಿಧಾನವಾಗಿ ಶುರುಮಾಡಿ, ಸಮತಟ್ಟು ಜಾಗದಲ್ಲಿ, ಊಟವಾದ ತಕ್ಷಣ ಬೇಡ. ನಿಯಮಿತ ನಡಿಗೆ ಎಂಡೋಥೀಲಿಯಂಗೆ ಸಿಗೋ ಅಗ್ಗದ ಔಷಧಿ. ಆದರೆ ಒಂದು ಎಚ್ಚರಿಕೆ. ನೋವು ಯಾವತ್ತಿಗಿಂತ ಬೇರೆ ಥರ ಬಂದ್ರೆ, ಕೂತಿದ್ದಾಗಲೇ ಬಂದು ಬಿಡದಿದ್ರೆ, ಬೆವರು, ಉಸಿರಾಟದ ಕಷ್ಟ, ದವಡೆಗೆ ಕೈಗೆ ಹರಡೋದು ಆದ್ರೆ, ‘ನಂದು ಆಂಜಿಯೋಗ್ರಾಂ ನಾರ್ಮಲ್’ ಅಂತ ಮನೆಯಲ್ಲಿ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಇಸಿಜಿ ನೋಡಿ, ಬೇಕಾದವರಿಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಸಣ್ಣ ನಾಳದ ಕಾಯಿಲೆ ಇದ್ದವರಿಗೆ ದೊಡ್ಡ ನಾಳದ ಕಾಯಿಲೆ ಬರಬಾರದು ಅಂತ ಏನೂ ನಿಯಮ ಇಲ್ಲ.

ದೊಡ್ಡಮ್ಮ: ಇಲ್ಲಿನ ಡಾಕ್ಟರ ಹತ್ತಿರ ಹೋಗಿ ಏನು ಕೇಳಲಿ? ‘ನನ್ನ ತಂಗಿ ಮಗ ಹೇಳಿದ’ ಅಂದ್ರೆ ಅವರಿಗೂ ಸಿಟ್ಟು ಬರುತ್ತೆ.

ಡಾಕ್ಟರು: ಹಾಗೆ ಕೇಳಬೇಡಿ. ‘ದೊಡ್ಡ ನಾಳಗಳು ಚೆನ್ನಾಗಿವೆ ಅಂತ ಗೊತ್ತಾಯ್ತು, ಸಂತೋಷ. ಟ್ರೆಡ್‌ಮಿಲ್ ಪಾಸಿಟಿವ್ ಆಗಿದ್ದಕ್ಕೆ ಕಾರಣ ಏನಿರಬಹುದು?’ ಅಂತ ಕೇಳಿ. ಒಳ್ಳೆ ಡಾಕ್ಟರಾದರೆ ಅಲ್ಲೇ ನಿಲ್ತಾರೆ. ಮುಂದಿನ ತಿಂಗಳು ಬೆಂಗಳೂರಿಗೆ ಬರ್ತೀರಲ್ಲ, ಆಗ ಫೈಲ್ ಬೇಡ, ಆಂಜಿಯೋಗ್ರಾಂ ಸಿಡಿ ತನ್ನಿ.

ದೊಡ್ಡಮ್ಮ: ರಿಪೋರ್ಟಿಗಿಂತ ಸಿಡಿಯಲ್ಲಿ ಹೆಚ್ಚೇನಿದೆ? ಸಣ್ಣವು ಅದರಲ್ಲೂ ಕಾಣಲ್ಲ ಅಂದೆ.

ಡಾಕ್ಟರು: ನಾಳ ಕಾಣಲ್ಲ, ಹರಿವಿನ ವೇಗ ಕಾಣುತ್ತೆ. ಬಣ್ಣ ನಾಳದ ಬಾಯಿಂದ ತುದಿಗೆ ಹೋಗೋಕೆ ಎಷ್ಟು ಫ್ರೇಮ್ ಹಿಡೀತು ಅಂತ ಎಣಿಸ್ತೀವಿ. ಸಾಮಾನ್ಯವಾಗಿ 21ರ ಆಸುಪಾಸು. 27 ದಾಟಿದರೆ ನಿಧಾನ, ಕೆಳಗಡೆ ಎಲ್ಲೋ ತಡೆ ಇದೆ ಅನ್ನೋ ಸುಳಿವು. ಅದೇ ಪುರಾವೆ ಅಲ್ಲ, ಆದರೆ ತಂತಿ ಹಾಕೋಣವಾ ಬೇಡವಾ ಅಂತ ಯೋಚಿಸೋಕೆ ಸಹಾಯ.

ದೊಡ್ಡಮ್ಮ: ಹಾಗಾದ್ರೆ ಕಂಪ್ಯೂಟರಿನಲ್ಲಿ ಹಾಕಿ ನಾನೇ ಎಣಿಸ್ತೀನಿ. ಸೆಕೆಂಡಿಗೆ ಎಷ್ಟು ಫ್ರೇಮ್ ಲೆಕ್ಕದಲ್ಲಿ 27?

ಡಾಕ್ಟರು: ಮೂವತ್ತು. ಈಗಿನ ಯಂತ್ರಗಳು ಹೆಚ್ಚಾಗಿ ಹದಿನೈದಕ್ಕೇ ತೆಗೀತವೆ.

ದೊಡ್ಡಮ್ಮ: ಅಂದ್ರೆ ನಾನು ಎಣಿಸಿದ್ದನ್ನ ಎರಡರಿಂದ ಗುಣಿಸಬೇಕು. ಅದನ್ನ ಮೊದಲೇ ಹೇಳಬಾರದಾ? ಹುಡುಗರು ಪರೀಕ್ಷೆಯಲ್ಲಿ ಮಾನ ಬರೆಯದೆ ಬರೀ ಸಂಖ್ಯೆ ಬರೆದ್ರೆ ನಾನು ಅರ್ಧ ಅಂಕ ಕಳೀತಿದ್ದೆ.

ಡಾಕ್ಟರು: ಇನ್ನೂ ಒಂದಿದೆ. ಎಡಗಡೆ ಮುಂಭಾಗದ ನಾಳ ಉಳಿದವುಗಳಿಗಿಂತ ಉದ್ದ, ಅದರ ಲೆಕ್ಕವನ್ನ 1.7ರಿಂದ ಭಾಗಿಸಬೇಕು.

ದೊಡ್ಡಮ್ಮ: ತಡಿ, ಪೆನ್ನು ತರ್ತೀನಿ.